ಎಡಕ್ಕೆ ಎಳೆಯುವ ವ್ಯಾನ್

ನಮ್ಮ ಮನೆಯವರು ಅಂಬಾರಾಯ ಹಟ ಹಿಡಿದರೆ ಮುಗಿಯಿತು, ಸಾಕ್ಷಾತ್ ಶರಣಬಸಪ್ಪನೇ ಎದುರಿಗೆ ಬಂದು ನಿಂತರೂ ಕೇಳುವ ಪೈಕಿ ಅಲ್ಲ. ಆ ಭಾನುವಾರ ಊಟವಾದದ್ದೇ ತಡ, ಬನಿಯನ್ನಿನಲ್ಲೇ ಹೊರಗೆ ಹೋಗಿ, ಅಂಬರನಾಥದ ನಮ್ಮ ಚಾಳಿನ ಮುಂದೆ ನಿಂತಿದ್ದ ಹಳೆಯ ವ್ಯಾನಿನ ಎರಡೂ ಬದಿಗೆ ದಾರ ಎಳೆಯತೊಡಗಿದರು. ಕಲಬುರಗಿ ಬಿಟ್ಟು ಬಂದ ಹೊಸತರಲ್ಲಿ ಗೌಂಡಿ ಕೆಲಸ ಮಾಡಿದವರು. ಗೋಡೆ ಸರಿ ಮಾಡುವ ದಾರದಿಂದ ಗಾಲಿಯನ್ನೂ ಸರಿ ಮಾಡಬಹುದಂತೆ.

ವ್ಯಾನ್ ಎಡಕ್ಕೆ ಎಳೆಯುತ್ತಿತ್ತು. ಹೋದ ತಿಂಗಳು ಎರಡು ಸಲ ಗಟಾರದ ಅಂಚಿಗೇ ಹೋಗಿತ್ತು, ಅದೂ ಒಳಗೆ ಇವರು ದಿನಾ ಕರೆದೊಯ್ಯುವ ಬದಲಾಪುರದ ಶಾಲೆಯ ಮಕ್ಕಳು ಕೂತಿದ್ದಾಗ. ಒಂದು ಮಗುವಿನ ತಂದೆ ಹಿತೇಶ್ ಎಂಬಾತ ಮನೆಗೇ ಬಂದು, ಸೋಮವಾರ ನಾನೇ ಮುಂದಿನ ಸೀಟಿನಲ್ಲಿ ಕೂತು ನೋಡುತ್ತೇನೆ, ಗಾಡಿ ಸರಿ ಇಲ್ಲದಿದ್ದರೆ ನಾವೆಲ್ಲ ಬೇರೆ ವ್ಯಾನ್ ನೋಡಿಕೊಳ್ಳುತ್ತೇವೆ ಎಂದು ಹಿಂದಿಯಲ್ಲಿ ಹೇಳಿ ಹೋಗಿದ್ದ. ಆ ಮಕ್ಕಳು ಕೈಬಿಟ್ಟರೆ ಇವರು ಮನೆಯಲ್ಲಿ ಕೂತಂತೆಯೇ. ಗ್ಯಾರೇಜಿನವನು ಮಶೀನ್ ಹಚ್ಚಿ ನೋಡಿ ಎಲ್ಲ ಬರೋಬರ್ ಇದೆ ಅಂದಿದ್ದ. ಇವರು ಅವನ ಮೇಲೇ ಹರಿಹಾಯ್ದು ಬಂದಿದ್ದರು.

"ಮಶೀನಿಗೇನ್ ಗೊತ್ತದ? ದಾರ ಸುಳ್ಳ ಹೇಳಲ್ಲ," ಎಂದರು.

ಮಗಳು ಮಯೂರಿಗೆ ಐರೋಲಿಯಲ್ಲಿ ನೌಕರಿ, ವಾರಕ್ಕೆ ಒಂದೇ ರಜೆ. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಮರಾಠಿ. ಅವಳ ಕೈಗೆ ನಟ್ಟು ತಿರುಗಿಸುವ ಪಾನಾ ಕೊಟ್ಟು ಗಾಡಿಯ ಅಡಿಗೆ ಹೋಗು ಎಂದರು. ನನಗೆ ಸಿಟ್ಟು ಬಂತು.

"ನೀವಾ ಹೋಗ್ರಿ. ಪಾಪ, ಅದರ ಅರಬಿ ಎಲ್ಲ ಹೊಲಸಾಗ್ತಾವ."

"ನನ್ ಭುಜ ಹಿಡದದ. ಪಾನಾ ತಿರಗ್ಸಲಾಕ ಬರವಲ್ದು."

"ಗಾಡಿ ಹೊಡೀಲಾಕ ಬರ್ತದ, ಪಾನಾ ತಿರಗ್ಸಲಾಕ ಬರಲ್ಲೇನು? ಭಾರಿ ಶಾಣ್ಯಾ ಇದ್ದೀರಿ!"

"ಏ ದಾನಿ, ನೀ ಸುಮ್ಮ ದಾರ ಹಿಡಿ."

ಹಿಡಿದೆ. ಗಾಲಿಯ ಮುಂದಿನ ಅಂಚಿಗೂ ದಾರಕ್ಕೂ ಎಷ್ಟು ಸಂದು, ಹಿಂದಿನ ಅಂಚಿಗೂ ದಾರಕ್ಕೂ ಎಷ್ಟು ಸಂದು, ಅಳೆದು ನೋಡಬೇಕು; ಹೆಚ್ಚುಕಮ್ಮಿ ಇದ್ದರೆ ಅಡಿಯಲ್ಲಿರುವ ರಾಡು ತಿರುಗಿಸಿ ಸರಿಪಡಿಸಬೇಕು. ಅಳೆದರೆ ಎರಡೂ ಗಾಲಿ ಸರಿಯಾಗಿಯೇ ಇದ್ದವು. ಇವರ ಮುಖ ಸಣ್ಣದಾಯಿತು. ಮತ್ತೆ ಅಳೆದರು. ಕೊನೆಗೆ, ಏನೋ ಒಂದು ಕೂದಲೆಳೆಯಷ್ಟು ಇರಬೇಕು, ಕಣ್ಣಿಗೆ ಕಾಣುತ್ತಿಲ್ಲ ಎಂದು ತಾವೇ ತೀರ್ಮಾನಿಸಿ, ರಾಡಿನ ಮೇಲೆ ಸುಣ್ಣದ ಗುರುತು ಹಾಕಿಸಿ, ಚೂರೇ ತಿರುಗಿಸಲು ಹೇಳಿದರು.

ಅವಳು ತಿರುಗಿಸಿದಳು. ಇವರು ಒಂದು ಕಣ್ಣು ಮುಚ್ಚಿ ದಾರ ನೋಡುತ್ತಾ, "ಆತ್, ಆತ್," ಎಂದರು. ಅವಳು ಇನ್ನೂ ತಿರುಗಿಸಿದಳು. "ಆತ್ ಅಂದ್ನೆಲ್ಲಾ!" ಎಂದು ಕೂಗಿದರು. ಅವಳು ಮೈಮೇಲಿನ ಬಲವನ್ನೆಲ್ಲ ಹಾಕಿ ಮತ್ತೂ ತಿರುಗಿಸಿದಳು. ಗಾಲಿ ಕಣ್ಣೆದುರಿಗೇ ಸೊಟ್ಟಗಾಯಿತು.

"ಅಯ್ಯ ನಿನ್ನ! ಬೆಂಕಿ ಹಚ್ಚಿದೆಲ್ಲೇ!"

ಮಯೂರಿ ತಲೆ ಹೊರಗೆ ಹಾಕಿದಳು. "ಪಪ್ಪಾ, ತೂಚ್ ಬೋಲಲಾಸ್ ನಾ, ಆತ್ ಆತ್! ಮೀ ಆತ್ ಘೇತಲಂ."

ನಮಗೆ ಆತ್ ಎಂದರೆ ಆಯಿತು, ಸಾಕು. ಮರಾಠಿಯಲ್ಲಿ ಆತ್ ಎಂದರೆ ಒಳಗೆ. ಅಪ್ಪ ಸಾಕು ಸಾಕು ಎಂದಷ್ಟೂ ಮಗಳು ಒಳಗೆ ಒಳಗೆ ಎಂದು ತಿಳಿದು ತಿರುಗಿಸಿದ್ದಳು. ನನಗೆ ನಗು ತಡೆಯಲಾಗಲಿಲ್ಲ, ದಾರ ಬಿಟ್ಟು ಹೊಟ್ಟೆ ಹಿಡಿದುಕೊಂಡು ಕೂತೆ. ಮಯೂರಿಯೂ ನಕ್ಕಳು. ಇವರು ಮಾತ್ರ ನಗಲಿಲ್ಲ. "ನಾಳಿಗಿ ಆ ಹಿತೇಶ ಬರ್ತಾನ, ನಿಮಗ ನಗಿ," ಎಂದರು. ಸುಣ್ಣದ ಗುರುತಿಗೆ ರಾಡನ್ನು ವಾಪಸು ತರಿಸಿ, ಮತ್ತೆ ಅಳೆದೆವು. ಎರಡೂ ಬದಿ ಸರಿ.

ಮೂವರೂ ಹತ್ತಿ ಬದಲಾಪುರದ ರಸ್ತೆಗೆ ಹೋದೆವು. ಇವರು ನಡೆಸಿದರು. ನಾನು ಹಿಂದೆ ಮಕ್ಕಳ ಸೀಟಿನಲ್ಲಿ. ಸ್ವಲ್ಪ ದೂರ ಹೋಗುವುದರೊಳಗೆ ವ್ಯಾನ್ ಮೆಲ್ಲಗೆ ಎಡಕ್ಕೆ ಸರಿಯಿತು. ಇವರು ಬೈಯುತ್ತಾ ಬಲಕ್ಕೆ ತಂದರು. ಮತ್ತೆ ಎಡಕ್ಕೆ.

"ನಿನ್ ಆತಿಂದ್ಲೇ ಕೆಟ್ಟದ ಇದು," ಎಂದು ಮಗಳ ಮೇಲೆ ಹಾಯ್ದರು.

"ಮಲಾ ದೇ," ನನಗೆ ಕೊಡು ಎಂದು ಅವಳು ಗಾಡಿ ನಿಲ್ಲಿಸಲು ಹೇಳಿ ತಾನು ಸ್ಟೇರಿಂಗಿಗೆ ಕೂತಳು. ಇವರು ಪಕ್ಕಕ್ಕೆ ಬಂದರು.

ವ್ಯಾನ್ ಸೀದಾ ಹೋಯಿತು. ಖಾಲಿ ರಸ್ತೆ ಬಂದಾಗ ಅವಳು ಕೈ ಸಡಿಲ ಬಿಟ್ಟಳು. ಆಗಲೂ ಸೀದಾ. ಖುಷಿಯಿಂದ ಅಪ್ಪನ ಕಡೆ ನೋಡಿದಳು, ನೋಡಿದವಳ ಕಣ್ಣು ಅವರ ಎಡಗೈಯ ಮೇಲೆ ನಿಂತಿತು. ಗಾಡಿ ಬದಿಗೆ ಹಾಕಿದಳು.

ಆಗ ನನಗೂ ಹೊಳೆಯಿತು. ಅವರು ನಡೆಸುವಾಗ ಹಿಂದಿನಿಂದ ನಾನು ನೋಡಿದ್ದೆ. ಎಡಗೈ ಸ್ಟೇರಿಂಗನ್ನು ಹಿಡಿದಿರಲಿಲ್ಲ. ಅದರ ಮೇಲೆ ಸುಮ್ಮನೆ ಜೋತುಬಿದ್ದಿತ್ತು, ನೀರು ತುಂಬಿದ ಚೀಲದಂತೆ. ಅದರ ಭಾರವೇ ಗಾಡಿಯನ್ನು ಎಡಕ್ಕೆ ಎಳೆಯುತ್ತಿತ್ತು.

"ರೀ, ಎಡಗೈ ಮುಷ್ಟಿ ಮಾಡ್ರಿ," ಎಂದೆ.

"ಯಾಕ?"

"ಮಾಡ್ರಿ ಅಂದ್ನೆಲ್ಲ."

ಮಾಡಿದರು. ಎರಡು ಬೆರಳು ಮಡಚಲಿಲ್ಲ. ಉಳಿದವು ಅರ್ಧಕ್ಕೆ ನಿಂತವು. ಬಲಗೈಯಿಂದ ಆ ಬೆರಳುಗಳನ್ನು ಮಡಚಿ ತೋರಿಸಿದರು, ಬಿಟ್ಟ ಕೂಡಲೇ ಅವು ಬಿಚ್ಚಿಕೊಂಡವು.

"ಯಾವಾಗಿಂದ?" ಎಂದೆ.

"ಜೋಮ ಹಿಡದದ, ಹೋಗ್ತದ ಅಂದ್ಕೊಂಡಿದ್ದೆ."

"ಮೀ ಚಾಲವತೇ ನಾ ಪಪ್ಪಾ," ನಾನು ಓಡಿಸುತ್ತೇನೆ ಎಂದಳು ಮಯೂರಿ.

"ನಿನ್ ಲೈಸೆನ್ಸ್ ಮ್ಯಾಲ ಸಾಲಿ ಮಕ್ಳಿಗಿ ಕೂಡಸ್ಲಾಕ ಬರಲ್ಲವ್ವ. ಇದ್ದೊಂದ್ ನೌಕರಿ ನೀ ಬಿಡ್ತೇನು?"

ನಾಳೆ ಬೆಳಿಗ್ಗೆ ದವಾಖಾನೆಗೆ ಹೋಗೋಣ, ಔಷಧ ಇರುತ್ತದೆ ಎಂದು ನಾನು ಏನೇನೋ ಅಂದೆ. ನನಗೇ ನಂಬಿಕೆ ಇರಲಿಲ್ಲ. ಸುಮ್ಮನಿದ್ದರೆ ಅಳು ಬರುತ್ತದೆಂದು ಮಾತಾಡುತ್ತಿದ್ದೆ. ಇಷ್ಟು ವರ್ಷ ಒಂದು ಮಗುವಿನ ಮೊಣಕಾಲೂ ತರಚದಂತೆ ಮನೆ ಮುಟ್ಟಿಸಿದ ಮನುಷ್ಯ, ಈಗ ತಮ್ಮ ಕೈಯನ್ನೇ ಮಿಕಿಮಿಕಿ ನೋಡುತ್ತಾ ಕೂತಿದ್ದರು.

ಆಮೇಲೆ ಫೋನು ತೆಗೆದು, ಬಲಗೈಯಲ್ಲಿ ನಂಬರು ಒತ್ತಿ, ಕಿವಿಗೆ ಹಿಡಿದರು. ಯಾರಿಗೆ ಎಂದು ನಾನು ಕೇಳುವಷ್ಟರಲ್ಲಿ ಆ ಕಡೆಯಿಂದ ಹಿತೇಶನ ದನಿ ಬಂತು.

"ಹಾಂ ಸಾಬ್, ಮೈ ಅಂಬಾರಾಯ," ಎಂದರು. "ಗಾಡಿ ಬರೋಬರ್ ಹೈ. ಡ್ರೈವರ್ ಖರಾಬ್ ಹೋ ಗಯಾ."