ಇಂದ್ರವ್ವನ ಐದು ನಿಮಿಷ

ಚಂದವ್ವ ಕಣ್ಣು ಬಿಟ್ಟಾಗ ಒಲೆಯ ಮೇಲಿನ ಹಾಲು ಆಗಲೇ ಕಾದು ಇಳಿದಿತ್ತು. ಅಂಗಳ ಸಾರಿಸಿಯಾಗಿತ್ತು. ಎರಡು ಕೊಡ ನೀರು ತುಂಬಿ, ಮೇಲೆ ತಾಟು ಮುಚ್ಚಿ ಇಟ್ಟಾಗಿತ್ತು. ಮೂರು ಮಕ್ಕಳು ಒಂದೇ ಕೌದಿಯೊಳಗೆ ಮುದುಡಿಕೊಂಡಿದ್ದವು. ಸೊಸೆ ಇಂದ್ರವ್ವ ಮಾತ್ರ ಎಲ್ಲೂ ಇರಲಿಲ್ಲ. ಹೊರಗೆ ಬೆಳಕು ಈಗಷ್ಟೇ ಹರಿಯುತ್ತಿತ್ತು.

ಇದು ಮೂರನೆಯ ದಿನ. ಮೊದಲೆರಡು ದಿನ ಬಯಲಕಡೆಗೆ ಹೋಗಿರಬೇಕೆಂದು ಚಂದವ್ವ ಸುಮ್ಮನಿದ್ದಳು. ಆದರೆ ನಿನ್ನೆ ಮರಳಿ ಬಂದವಳ ಮುಖ ಕೆಂಪೇರಿತ್ತು, ಕುಪ್ಪಸ ಬೆನ್ನಿಗೆ ಅಂಟಿತ್ತು. ಇಂಥ ಚಳಿಯಲ್ಲಿ ಬೆವರು! ಮಗ ಯಂಕಪ್ಪ ಬಸ್ ಕಂಡಕ್ಟರ್, ನಾಲ್ಕು ದಿನಕ್ಕೊಮ್ಮೆ ಕಲಾದಗಿಗೆ ಬಂದು ಮುಖ ತೋರಿಸುವವನು. ಅವನಿಲ್ಲದಾಗ ಈ ಮನೆಯ ಮಾನ ಮರ್ಯಾದೆ ತನ್ನ ತಲೆಯ ಮೇಲಿದೆ ಎಂದು ನಂಬಿದ್ದ ಮುದುಕಿ ಕೋಲು ಹಿಡಿದು, ಸೆರಗು ಬಿಗಿದು, ಸೊಸೆ ನಿನ್ನೆ ಮರಳಿ ಬಂದಿದ್ದ ಹೊಳೆಯ ಹಾದಿ ಹಿಡಿದಳು.

ದೀಪಾವಳಿ ಮುಗಿದ ವಾರದಲ್ಲಿ ಸೊಸೆಯ ಹೆಸರಿಗೆ ಒಂದು ಸರಕಾರಿ ಕಾಗದ ಬಂದಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಇಂದ್ರವ್ವ ಗಂಡನಿಗೆ ಹೇಳಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಕಾಗದ ಬಂದ ಮೇಲೆ ಗಂಡ, "ಅವ್ವನ್ನ ಕೇಳು" ಎಂದು ಜಾರಿಕೊಂಡ.

"ಅತ್ಯಾರ, ಡಿಸೆಂಬರದಾಗ ನಾತಾಳ ಹಬ್ಬದ ಹಿಂದಿನ ದಿನ ಬಾಗಲಕೋಟ್ಯಾಗ ಓಟದ ಪರೀಕ್ಷಾ ಐತ್ರಿ. ಐದ ನಿಮಿಷದಾಗ ಒಂದ ಕಿಲೋಮೀಟರ ಓಡಬೇಕಂತ್ರಿ. ನಾ ಹೋಗ್ಲ್ಯಾ?"

ಚಂದವ್ವ ನಕ್ಕಿದ್ದಳು. "ಮೂರ ಹಡದಾಕಿ ಓಡ್ತಾಳಂತ! ಮನಿ ಕೆಲಸಾ ಒಂದೂ ಉಳಿಸಬ್ಯಾಡ. ಎಲ್ಲಾ ಮುಗಿಸಿ ಯಾಳೆ ಸಿಕ್ಕರ ಏನರ ಮಾಡ್ಕೊ."

ಯಾಳೆ ಸಿಗುವುದಿಲ್ಲ ಎಂದು ಚಂದವ್ವನಿಗೆ ಗೊತ್ತಿತ್ತು. ಆ ಮನೆಯ ದಿನ ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ನೀರು, ಎಮ್ಮೆ, ರೊಟ್ಟಿ, ಸಾಲಿಗೆ ಹೋಗುವ ಮಕ್ಕಳ ತಲೆಬಾಚುವುದು, ಬಟ್ಟೆ, ಮತ್ತೆ ಎಮ್ಮೆ, ಮತ್ತೆ ರೊಟ್ಟಿ. ನಲವತ್ತು ವರ್ಷ ಆ ದಿನದೊಳಗೆ ತಾನೇ ತಿರುಗಿದವಳು.

ಘಟಪ್ರಭೆಯ ಮೇಲೆ ಮಂಜು ಕೂತಿತ್ತು. ದಂಡೆಗೆ ಬದನೆ ತೋಟ ಮಾಡಿಕೊಂಡಿದ್ದ ನೆರೆಮನೆಯ ಹುಸೇನಬಿ ಕಲ್ಲಿನ ಮೇಲೆ ಕೂತು ತಸಬಿಯ ಮಣಿ ಸರಿಸುತ್ತಿದ್ದಳು. ಚಂದವ್ವ ಬಾಯಿ ತೆರೆಯುವಷ್ಟರಲ್ಲಿ ಹುಸೇನಬಿ ಬೆರಳೆತ್ತಿ ತಡೆದು, "ಎಣಸಾಕತ್ತೇನಿ" ಎಂದು ಪಿಸುಗುಟ್ಟಿ, ಹೊಳೆಯ ಕಡೆ ತೋರಿಸಿದಳು.

ಮಂಜಿನೊಳಗಿಂದ ಒಬ್ಬ ಹೆಂಗಸು ಓಡಿ ಬರುತ್ತಿದ್ದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಚ್ಚೆ ಬಿಗಿದಿದ್ದಳು. ಬರಿಗಾಲು ಒದ್ದೆ ಉಸುಕನ್ನು ಮುಟ್ಟುತ್ತಿತ್ತೋ ಇಲ್ಲವೋ ಅನ್ನುವ ಹಾಗೆ ಎದ್ದೆದ್ದು ಬೀಳುತ್ತಿತ್ತು. ನೀರಂಚಿಗೆ ನಿಂತಿದ್ದ ಕೊಕ್ಕರೆಗಳು ಒಮ್ಮೆಲೇ ಎದ್ದವು, ಅವಳು ಅವುಗಳ ನಡುವೆಯೇ ಹಾದು ಬಂದಳು. ಯಾರಿವಳು ಎಂದು ಚಂದವ್ವ ಒಂದು ಗಳಿಗೆ ನಿಜವಾಗಿಯೂ ಅಂದುಕೊಂಡಳು. ಒಂಬತ್ತು ವರ್ಷದಿಂದ ಅವಳು ನೋಡಿದ ಸೊಸೆ ಯಾವಾಗಲೂ ಬಗ್ಗಿದವಳೇ. ಒಲೆಯ ಮುಂದೆ ಬಗ್ಗಿದವಳು, ಕಸಬರಿಗೆ ಹಿಡಿದು ಬಗ್ಗಿದವಳು, ತೊಟ್ಟಿಲ ಮೇಲೆ ಬಗ್ಗಿದವಳು. ಇವಳು ಇಷ್ಟು ಎತ್ತರ ಇದ್ದಾಳೆಂಬುದು ಚಂದವ್ವನಿಗೆ ಗೊತ್ತೇ ಇರಲಿಲ್ಲ.

ಅತ್ತೆಯನ್ನು ಕಂಡದ್ದೇ ಇಂದ್ರವ್ವನ ಕಾಲು ತೊಡರಿದವು. ನಿಂತು, ಕಚ್ಚೆ ಬಿಚ್ಚಲು ಕೈ ಹಾಕಿದಳು.

"ಯಾಕ ನಿಂತಿ?" ಎಂದಳು ಚಂದವ್ವ. ಮಾತು ಬೈದ ಹಾಗೆ ಹೊರಬಿತ್ತು. "ಓಡು. ಆಕಿ ಎಣಸಾಕತ್ತಾಳ."

ಇಂದ್ರವ್ವ ಅರ್ಥವಾಗದೆ ನೋಡಿದಳು. ಆಮೇಲೆ ಓಡಿದಳು.

ಎಣಿಕೆ ಮುಗಿದ ಮೇಲೆ ಚಂದವ್ವ ಹುಸೇನಬಿಯ ಪಕ್ಕ ಕೂತಳು. "ಇದೇನ ಬೇ, ದೇವರ ಮಣಿ ಹಿಡದು ಈಕಿ ಓಟಾ ಎಣಸ್ತಿಯಲ್ಲ?"

"ಗಡಿಯಾರ ಎಲ್ಲೈತಿ ಅಕ್ಕಾ? ಸಾಲಿ ಮಾಸ್ತರ ಗಡಿಯಾರಕ್ಕ ತಾಳೆ ಹಚ್ಚಿ ನೋಡೇನಿ. ನನ್ನ ನೂರ ಮಣಿ ತಸಬಿ ಮೂರ ಸುತ್ತಿಗೆ ಐದ ನಿಮಿಷ. ಜಾಲಿಗಿಡದಿಂದ ಹಾಳ ಬಂಗಲೆದ ಗೋಡಿತನಾ ಹೋಗಿ ಬಂದ್ರ ಒಂದ ಕಿಲೋಮೀಟರ. ಇನ್ನೂ ನಾಕನೇ ಸುತ್ತಿನ ನಡುವ ಬರ್ತಾಳ. ಆದ್ರ ಮೊನ್ನಿಗಿಂತ ಇವತ್ತ ಚಲೋ."

ಆವತ್ತು ಇಂದ್ರವ್ವ ಹಿತ್ತಲ ಬಾಗಿಲಿಂದ ಹೆದರುತ್ತ ಒಳಗೆ ಬಂದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಎಂಟು ವರ್ಷದ ಹಿಂದೆ ಹಿಟ್ಟಿನ ಪಾತ್ರೆ ಸೊಸೆಗೆ ಒಪ್ಪಿಸಿ ಎದ್ದಿದ್ದ ಅತ್ತೆ ಹಿಟ್ಟು ನಾದುವ ಕೊಮ್ಮಣಿಗೆಯ ಮುಂದೆ ಕೂತಿದ್ದಳು. ರೊಟ್ಟಿ ಸೊಟ್ಟಗಾಗಿದ್ದವು.

"ನಾ ಮಾಡ್ತೇನಿ ಬಿಡ್ರಿ ಅತ್ಯಾರ."

"ಮಕ್ಕಳ ತಲಿ ಬಾಚು ಹೋಗು. ನಾಳೆಯಿಂದ ಮುಂಜೇಲಿ ರೊಟ್ಟಿ ನಂದು. ನಾಕ ಗಂಟೆಕ್ಕ ಎದ್ದು ಕಣ್ಣ ಕೆಂಪ ಮಾಡ್ಕೊಂಡ ಓಡಬ್ಯಾಡ. ನಿದ್ದಿ ಇಲ್ಲದ ಮೈಯಾಗ ಉಸರ ಎಲ್ಲಿಂದ ಬರಬೇಕು?"

ದಿನಗಳು ಹೋದವು. ನಾಲ್ಕನೆಯ ಸುತ್ತಿನ ಮಣಿಗಳು ನಲವತ್ತಕ್ಕೆ ಇಳಿದವು, ಇಪ್ಪತ್ತಕ್ಕೆ ಇಳಿದವು. ಅಲ್ಲಿಗೆ ಬಂದು ನಿಂತುಬಿಟ್ಟವು. ಪರೀಕ್ಷೆಗೆ ಹತ್ತು ದಿನ ಇರುವಾಗ ಸಣ್ಣ ಮಗನಿಗೆ ಜ್ವರ ಬಂತು. ಇಂದ್ರವ್ವ ಎರಡು ದಿನ ಹೊಳೆಯ ಕಡೆ ಮುಖ ಹಾಕಲಿಲ್ಲ. ಮೂರನೆಯ ಬೆಳಗ್ಗೆಯೂ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೇ ಇದ್ದಳು.

"ಏಳು," ಎಂದಳು ಚಂದವ್ವ.

"ಹೆಂಗ ಹೋಗ್ಲಿರಿ? ಇವಗ ಮೈ ಇನ್ನೂ ಸುಡಾಕತ್ತೈತಿ. ಸಾಕ ಬಿಡ್ರಿ. ನನ್ನಂಥಾಕಿಗೆ ಅಲ್ಲದು."

"ದವಾಖಾನಿ ಔಷಧ ಕೊಟ್ಟೇವಿ. ಜ್ವರ ಇಳ್ಯಾಕ ಹತ್ತೇತಿ. ನೀ ಕುಂತ್ರ ಲಗೂ ಇಳೀತೈತೇನು?" ಮುದುಕಿ ಕೂಸನ್ನು ಎತ್ತಿಕೊಂಡಳು. "ಇದು ನನ್ನ ಮೊಮ್ಮಗನೂ ಹೌದು. ನಾ ಹತ್ತು ವರ್ಷದಾಕಿ ಇದ್ದಾಗ ನಮ್ಮಪ್ಪ ಹೊಲದಾಗ ಓಡಬ್ಯಾಡಂದ, ಅವತ್ತ ನಿಂತಾಕಿ ನಾ. ಓಡಿದ್ರ ಹೆಂಗ ಇರತೈತಿ ಅಂಬೂದ ಮರತ ಹೋಗೈತಿ ನನಗ. ಹೋಗು."

ಇಂದ್ರವ್ವ ಹೋದಳು. ಆವತ್ತು ಮೂರು ಸುತ್ತು ಮುಗಿದ ಮೇಲೆ ಆರೇ ಮಣಿ.

ಪರೀಕ್ಷೆಯ ದಿನ ಬೆಳಗಿನ ಬಸ್ಸಿಗೆ ಅತ್ತೆ ಸೊಸೆ ಇಬ್ಬರೇ ಹೊರಟರು. ಮಕ್ಕಳನ್ನು ಹುಸೇನಬಿ ಇಟ್ಟುಕೊಂಡಳು. ಜೊತೆಗೆ ತನ್ನ ಮಗಳ ಚೂಡಿದಾರವನ್ನೂ ಕೊಟ್ಟಳು. ಬಾಗಲಕೋಟೆಯಲ್ಲಿ ಒಂದು ಕ್ವಾರ್ಟರ್ಸಿನ ಬಾಗಿಲಿಗೆ ನಾತಾಳ ಹಬ್ಬದ ಕಾಗದದ ದೊಡ್ಡ ನಕ್ಷತ್ರ ಕಟ್ಟಿದ್ದರು. ಇಂದ್ರವ್ವ ಅದನ್ನು ನೋಡುತ್ತ ಬೇಗ ಬೇಗ ಹೆಜ್ಜೆ ಹಾಕಿದಳು.

ವಿದ್ಯಾಗಿರಿಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಬಹಳ ಜನ ಹದಿನೆಂಟು ಇಪ್ಪತ್ತರ ಹುಡುಗಿಯರು, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಬರಿಗಾಲಲ್ಲಿ ನಿಂತವಳು ಇಂದ್ರವ್ವ ಒಬ್ಬಳೇ. ಸೀಟಿ ಊದಿದ ಕೂಡಲೇ ಅವರೆಲ್ಲ ಒಂದೇ ಗುಂಪಾಗಿ ನುಗ್ಗಿದರು. ಇಂದ್ರವ್ವ ಹಿಂದೆ ಬಿದ್ದಳು. ಒಂದು ಸುತ್ತು ಮುಗಿದಾಗಲೂ ಹಿಂದೆಯೇ ಇದ್ದಳು.

ಬೇಲಿ ಹಿಡಿದು ನಿಂತಿದ್ದ ಚಂದವ್ವ ಉಸಿರು ಬಿಗಿಹಿಡಿದಳು. ಎರಡನೆಯ ಸುತ್ತಿನಲ್ಲಿ ಮುಂದಿನವರು ಒಬ್ಬೊಬ್ಬರೇ ಬಾಯಿ ತೆರೆದು, ಸೊಂಟಕ್ಕೆ ಕೈ ಕೊಟ್ಟು ನಿಧಾನವಾದರು. ಇಂದ್ರವ್ವನ ಹೆಜ್ಜೆ ಮಾತ್ರ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಒಬ್ಬಳನ್ನು ದಾಟಿದಳು, ಇನ್ನಿಬ್ಬರನ್ನು ದಾಟಿದಳು. ಕೊನೆಯ ತಿರುವಿನಲ್ಲಿ ಅವಳ ಜಡೆ ಬಿಚ್ಚಿಕೊಂಡಿತು. ಕೂದಲು ಹಿಂದಕ್ಕೆ ಹಾರುತ್ತ, ಗದ್ದ ಮೇಲೆತ್ತಿ ಅವಳು ಬರುತ್ತಿರುವಾಗ ಚಂದವ್ವ ಗೊತ್ತಿಲ್ಲದೆಯೇ ಕೈ ಮುಗಿದಿದ್ದಳು. ಯಾರಿಗೆ ಎಂದು ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ.

"ಇಂದ್ರವ್ವ ಯಂಕಪ್ಪ, ಕಲಾದಗಿ," ಎಂದು ಗಡಿಯಾರ ಹಿಡಿದಿದ್ದ ಪೊಲೀಸ್ ಸಾಹೇಬ ಗಟ್ಟಿಯಾಗಿ ಓದಿದ. "ನಾಲ್ಕು ನಿಮಿಷ ಐವತ್ತೆಂಟು ಸೆಕೆಂಡು. ಪಾಸ್."

ಆಮೇಲೆ ದವಾಖಾನೆಯ ಪರೀಕ್ಷೆ, ಸಂದರ್ಶನ ಎಲ್ಲ ಆಗಿ ಕೆಲಸದ ಆದೇಶ ಕೈಗೆ ಬರುವಷ್ಟರಲ್ಲಿ ಯುಗಾದಿ ದಾಟಿತ್ತು. ಆದರೆ ಆ ಸಂಜೆ ಅದೊಂದೂ ಅವರಿಗೆ ತಿಳಿದಿರಲಿಲ್ಲ. ಮರಳುವ ಬಸ್ಸಿನ ಹಿಂದಿನ ಉದ್ದ ಸೀಟು ಖಾಲಿ ಇತ್ತು. ಬಸ್ಸು ಊರು ಬಿಡುವ ಮೊದಲೇ ಇಂದ್ರವ್ವ ಕಿಟಕಿಗೆ ಒರಗಿ, ಸೀಟಿನ ಮೇಲೆ ಕಾಲು ಮಡಚಿ ನಿದ್ದೆಹೋದಳು. ಬಸ್ಸು ಜೋರಾಗಿ ಅಲುಗಿದಾಗ ಅವಳ ಕಾಲು ಜಾರಿ ಅತ್ತೆಯ ಮಡಿಲ ಮೇಲೆ ಬಿತ್ತು.

ಚಂದವ್ವ ಅದನ್ನು ಸರಿಸಲಿಲ್ಲ. ಬಗ್ಗಿ ನೋಡಿದಳು. ಅಂಗಾಲಿನ ಬಿರುಕುಗಳಲ್ಲಿ ಮೈದಾನದ ಸುಣ್ಣ ಮೆತ್ತಿಕೊಂಡಿತ್ತು. ಅವಳು ಸೆರಗಿನಿಂದ ಒರೆಸಲು ಹೋಗಿ ಬಿಟ್ಟಳು. ಅಂಗೈಯನ್ನು ಮೆಲ್ಲಗೆ ಆ ಅಂಗಾಲಿನ ಮೇಲಿಟ್ಟಳು. ಅದು ಇನ್ನೂ ಬಿಸಿಯಾಗಿತ್ತು, ಒಳಗೆಲ್ಲೋ ಒಂದು ನರ ಡಬಡಬ ಹಾರುತ್ತಿತ್ತು. ಕಿಟಕಿಯಾಚೆ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು.