ನಡೆಯಲು ಬಿಡದ ಊರು

ಚಕ್ರಪಾಣಿಯ ಶಾಲೆ ಅವನ ಮನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಇತ್ತು. ಜಯನಗರವೆಂದರೆ ಕೇಳಬೇಕೇ, ಅಂಗಡಿ ಎದುರಿಗೆ, ಹಾಲಿನ ಬೂತು ಮೂಲೆಯಲ್ಲಿ. ಹದಿನೈದು ವರ್ಷದ ಹುಡುಗನ ಕಾಲಿಗೆ ಕೆಲಸವೆಂದರೆ ಚಪ್ಪಲಿ ಹಾಕಿಕೊಳ್ಳುವುದು, ಬಿಚ್ಚುವುದು, ಅಷ್ಟೇ. ಅಂಥವನಿಗೆ ಎನ್‌ಸಿಸಿ ಕ್ಯಾಂಪಿಗೆ ಹೋಗುವ ಆಸೆ ಹತ್ತಿತು. ಅದಕ್ಕೆ ಅಪ್ಪ ಗಂಗಾಧರಯ್ಯನವರ ಸಹಿ ಬೇಕು.

"ನಾನು ಚಿಕ್ಕಲಸಂದ್ರದಿಂದ ದಿನಾ ನಡ್ಕೊಂಡೇ ಸ್ಕೂಲಿಗೆ ಬರ್ತಿದ್ದೆ. ಬೇಸಿಗೆ ರಜಾ ಅಲ್ಲೇ ಅಜ್ಜಿ ಮನೇಲಿ ಕಳಿ, ನಡೆದು ರೂಢಿ ಮಾಡ್ಕೋ. ಕೊನೇ ದಿನ ನಾನೇ ಬರ್ತೀನಿ. ಅಲ್ಲಿಂದ ಮನೆ ತನಕ ನನ್ ಜೊತೆ ನಡೆದ್ರೆ ಸಹಿ" ಎಂದರು. ಹಾಗೆನ್ನುವಾಗ ಅವರು ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ್ದರೆಂಬುದನ್ನು ಹೇಳಲೇಬೇಕು.

ಎಪ್ಪತ್ತರ ದಶಕದ ಚಿಕ್ಕಲಸಂದ್ರ ಇನ್ನೂ ಹಳ್ಳಿ. ಅಲ್ಲಿನವರೆಲ್ಲ ನಡೆದೇ ಬಾಳಿದವರು. ಆದರೆ ಬ್ಯಾಂಕಿನ ಗಂಗಾಧರಯ್ಯನ ಮಗ ನಡೆಯುವುದೆಂದರೆ ಊರಿಗೇ ಅವಮಾನ. ಮೊದಲ ಬೆಳಿಗ್ಗೆ ಕ್ಯಾನ್ವಾಸ್ ಬೂಟು ತೊಟ್ಟು ಹೊರಟವನ ಪಕ್ಕದಲ್ಲಿ ಪಿಳ್ಳಪ್ಪನ ಎತ್ತಿನಗಾಡಿ ನಿಂತಿತು.

"ಹತ್ತಪ್ಪ."

"ಬೇಡ ಮಾವ, ಸುಮ್ನೆ ನಡೀತಿದೀನಿ."

"ಸುಮ್ನೆ ಯಾರಾದ್ರೂ ನಡೀತಾರಾ? ಮನೇಲಿ ಜಗಳನಾ?" ಎಂದ ಪಿಳ್ಳಪ್ಪ ಅವನನ್ನು ಎತ್ತಿ ಕೂರಿಸಿಕೊಂಡು ಅಜ್ಜಿಯ ಬಾಗಿಲಿಗೇ ತಂದು ಇಳಿಸಿದ. ಮರುದಿನ ಕೆಂಪಕ್ಕ ಎಂಬಾಕೆ ತಡೆದು, ಪಾಪ ಮಗು ಹಸಿದು ತಿರುಗುತ್ತಿದೆ ಎಂದು ಕೂರಿಸಿ ಮುದ್ದೆ ಉಣಿಸಿದಳು. ಇದು ದಿನವೂ ನಡೆಯಿತು. ಒಂದು ವಾರದಲ್ಲಿ ಹೊಟ್ಟೆ ಬೆಳೆದು ಚಡ್ಡಿಯ ಗುಂಡಿ ಹಾಕಲಾಗದಾಯಿತು. ಕ್ಯಾಂಪು ಕೈತಪ್ಪಿತೆಂದು ಅವನಿಗೆ ಅಳುವೇ ಬಂತು.

ಆಮೇಲೆ ಅವನು ತಪ್ಪಿಸಿಕೊಳ್ಳುವುದನ್ನು ಕಲಿತ. ಗಾಡಿಯ ಸದ್ದು ಕೇಳಿದರೆ ಬದು ಹಾರಿ ಹೊಲಕ್ಕೆ ಬಿದ್ದು ಓಡುತ್ತಿದ್ದ. ಕೆಂಪಕ್ಕನ ಬಾಗಿಲು ತೆರೆದಿದ್ದರೆ ಕೆರೆ ಏರಿ ಸುತ್ತಿಕೊಂಡು ಬರುತ್ತಿದ್ದ. ಅಕ್ಕರೆಗೆ ಹೆದರಿದವನು ಓಡಿದಷ್ಟು ಜೋರಾಗಿ ಕಳ್ಳನೂ ಓಡಲಾರ.

ರಜೆಯ ಕೊನೆಗೆ ಗಂಗಾಧರಯ್ಯ ಬಂದರು, ಗಡದ್ದಾಗಿ ಉಂಡರು, ಮಗನೊಡನೆ ಹೊರಟರು. ಚಕ್ರಪಾಣಿ ಸಲೀಸಾಗಿ ನಡೆದ. ಬನಶಂಕರಿ ಗುಡಿ ಹತ್ತಿರ ತಿರುಗಿ ನೋಡಿದರೆ ಅಪ್ಪ ಮೋರಿ ಕಟ್ಟೆಯ ಮೇಲೆ ಕುಸಿದಿದ್ದಾರೆ.

"ನಮ್ಮ ಕಾಲದಲ್ಲಿ ಈ ದಾರಿ ಇಷ್ಟುದ್ದ ಇರ್ಲಿಲ್ಲ ಕಣೋ. ನೀನು ನಡಿ, ನಾನು ಬಸ್ಸಲ್ಲಿ ಬರ್ತೀನಿ."

"ನನ್ ಜೊತೆ ನಡೆದ್ರೆ ಅಂದಿದ್ರಿ ಅಪ್ಪ. ನೀವು ಬಸ್ ಹತ್ತಿದ್ರೆ ಜೊತೆ ಎಲ್ಲಿ ಬಂತು? ಆಮೇಲೆ ಸಹಿ ಹಾಕಲ್ಲ ಅಂತೀರ."

ತಾವು ಖಂಡಿತ ಹಾಗೇ ಅನ್ನುವವರೆಂದು ಗಂಗಾಧರಯ್ಯನವರಿಗೂ ಗೊತ್ತಿತ್ತು. ಎದ್ದರು. ಅಪ್ಪನ ಚೀಲ, ಕೊಡೆ, ಕೊನೆಗೆ ಕಾಲು ಕಚ್ಚುತ್ತಿದ್ದ ಚಪ್ಪಲಿಯನ್ನೂ ಹೊತ್ತು, ಅವರ ಕೈ ಹಿಡಿದು ಎಳೆದುಕೊಂಡೇ ನಡೆದ ಚಕ್ರಪಾಣಿ. ಹಾದುಹೋಗುವ ಬಸ್ಸುಗಳನ್ನು ಅಪ್ಪ ನೋಡುವ ಪರಿ ಕಂಡು ಅವನಿಗೆ ಕನಿಕರವಾಯಿತು. ಆದರೂ ಕೈ ಬಿಡಲಿಲ್ಲ.

ಬಾಗಿಲು ತೆಗೆದ ತಾಯಿ ಕಮಲಾದೇವಿ ಮಗನನ್ನು ನೋಡಿದರು, ಮೆಟ್ಟಿಲ ಮೇಲೇ ಕೂತುಬಿಟ್ಟ ಗಂಡನನ್ನು ನೋಡಿದರು.

"ಸಹಿ ನಾನು ಹಾಕ್ತೀನಿ" ಎಂದರು ಮಗನಿಗೆ. "ಕ್ಯಾಂಪಿಗೆ ಇವರನ್ನ ಕಳಿಸು."