ಮೊದಲ ಬ್ರೇಕಿಗೆ ಮುಂಚೆ ತೆರೆಯುವ ಬಾಗಿಲು

ಹೆಬ್ಬೆರಳು ಇನ್ನೂ ರಿಮೋಟಿನ ಮೇಲೇ ಇದೆ, ಉಗುರು ಎಷ್ಟು ಒಪ್ಪವಾಗಿ ಕತ್ತರಿಸಿಕೊಂಡಿದ್ದಾರೆ ಈ ಚಾನೆಲ್ ಸಾಹೇಬರು, ಮೊದಲನೇ ಎಪಿಸೋಡ್ ಅಷ್ಟೇ ಹೇಳಿ ಮೇಡಂ, ನನಗೆಲ್ಲಿ ಬೇಜಾರಾಗುತ್ತೋ ಅಲ್ಲಿ ಚಾನೆಲ್ ಬದಲಾಯಿಸೋ ಗುಂಡಿ ಒತ್ತಿಬಿಡ್ತೀನಿ, ಅಲ್ಲಿಗೆ ನಿಮ್ಮ ಸೀರಿಯಲ್ ಮುಗೀತು ಅಂದ್ಕೊಳ್ಳಿ — ನಗುತ್ತಲೇ ಅಂದರು, ನಾನೂ ಹಲ್ಲು ಕಿರಿದೆ, ಹೆದರಿಕೆಗಲ್ಲ, ಅಯ್ಯೋ ಅಲ್ಲವೇ ಅಲ್ಲ, ಖುಷಿಗೆ, ಇವತ್ತು ನನ್ನ ಹತ್ತಿರ ಕಥೆ ಇದೆ, ಹೋದ ಸಲದ ಹಾಗೆ ಬೆಂಕಿ, ಅವಳಿಜವಳಿ, ನೆನಪು ಕಳಕೊಂಡ ನಾಯಕ ಎಲ್ಲ ಒಂದೇ ಎಪಿಸೋಡಿಗೆ ತುರುಕಿದ ಮೂಟೆಯಲ್ಲ, ಆ ಮೂಟೆಯನ್ನೂ ಮೊದಲು ಅತ್ತೆಗೇ ಓದಿದ್ದೆ, ನಾನು ಬರೆದಿದ್ದೆಲ್ಲ ಮೊದಲು ನಮ್ಮತ್ತೆಗೇ, ಅವರು ಬೀನ್ಸ್ ಹೆಚ್ಚುತ್ತಾ ಕೂತಿರಬೇಕು, ನಾನು ಎದುರಿಗೆ ಕೂತು ಓದಬೇಕು, ಮುಖ ನೋಡಬಾರದು, ಸೊಸೆಗೆ ಬೇಜಾರಾದೀತು ಅಂತ ಮುಖ ಸುಳ್ಳು ಹೇಳುತ್ತೆ, ಕೈ ನೋಡಬೇಕು, ಚಾಕು ಎಲ್ಲಿ ನಿಲ್ಲುತ್ತೋ ಅಲ್ಲಿ ಕಥೆ ಇದೆ — ಬೆಂಕಿ ಬಿತ್ತು, ಟಕಟಕ ಟಕಟಕ, ಅವಳಿ ಸತ್ತ, ಟಕಟಕ, ಚೆನ್ನಾಗಿದೆ ಕಣೇ, ಆ ಉಪ್ಪಿನ ಡಬ್ಬಿ ಕೊಡು ಅಂದರು ಮಹಾತಾಯಿ.

ಹಾಳಾಗಿ ಹೋಗಲಿ ಅಂತ ಎಲ್ಲ ಕಿತ್ತೆಸೆದು ಮೊನ್ನೆ ಒಂದೇ ಒಂದು ದೃಶ್ಯ ಓದಿದೆ, ತವರಿಂದ ವಾಪಸ್ ಬಂದ ಹೆಂಗಸು ಮನೆ ಬಾಗಿಲ ಬೀಗಕ್ಕೆ ಕೀಲಿ ತೂರಿಸ್ತಾಳೆ, ಕೀಲಿ ತಿರುಗೋದಿಲ್ಲ, ಗಂಡ ಬೀಗ ಬದಲಾಯಿಸಿದ್ದಾನೆ — ಚಾಕು ನಿಂತಿತು, ಅರ್ಧ ಹೆಚ್ಚಿದ ಬೀನ್ಸ್ ಕೈಯಲ್ಲೇ, ನಾನು ಎದ್ದು ಕುಣಿಯೋದೊಂದು ಬಾಕಿ, ಸಿಕ್ತು, ಸಿಕ್ಕೇಬಿಡ್ತು, ಅತ್ತೆ ಮಾತ್ರ ನಿನಗ್ಯಾರು ಹೇಳಿದ್ರು ಅಂದರು, ಯಾರೂ ಇಲ್ಲ ಅತ್ತೆ, ನಾನೇ ಕಟ್ಟಿದ್ದು, ಹೌದಾ, ಆವತ್ತು ನನ್ನ ಮಗು ಒಳಗಿತ್ತು ಕಣೇ, ಬಾಗಿಲ ಕೆಳಗಿನ ಸಂದಿಯಿಂದ ನಾಲ್ಕು ಬೆರಳು ಹೊರಗೆ ಹಾಕಿತ್ತು, ಹಿಡ್ಕೊಂಡು ಕೂತಿದ್ದೆ, ಕತ್ತಲಾದ ಮೇಲೆ ಅಣ್ಣ ಬಂದು ಎಬ್ಬಿಸ್ಕೊಂಡು ಹೋದ — ಆ ಮಗು ನನ್ನ ಗಂಡ, ದೇವರೇ, ದಿಂಬಿನ ಮೇಲೆ ಕೈ ಚೆಲ್ಲಿ ಗೊರಕೆ ಹೊಡೆಯೋ ಇವರು, ಆ ನಾಲ್ಕು ಬೆರಳು ಇವರದ್ದೇ, ಮತ್ತೆ ಬಾಗಿಲು ಯಾವಾಗ ತೆರೀತು ಅತ್ತೆ, ನಿಮ್ಮ ಮಾವ ತೀರ್ಕೊಂಡಮೇಲೆ, ತೆಗೆದೋನಿಗೆ ಮೀಸೆ ಬಂದಿತ್ತು. ಇದನ್ನ ಬರೀಲಾ ಅಂತ ಕೇಳಿದೆ, ನಾಚಿಕೆಯಿಲ್ಲದೆ ಕೇಳೇಬಿಟ್ಟೆ, ಬರಿ, ಆದರೆ ಬಾಗಿಲು ತೆಗೆಸು, ಆವತ್ತು ಬೀದಿ ತುಂಬ ಜನ ಇದ್ರು, ಒಬ್ಬರೂ ತೆಗೆಸ್ಲಿಲ್ಲ, ನೀನಾದ್ರೂ ತೆಗೆಸು ಅಂದರು. ಆಗಲಿ ಅತ್ತೆ ಅಂದೆ.

ಹೇಳ್ತಿದೀನಿ ಈಗ, ಬಾಯಿಗಿಂತ ಕೈಯೇ ಮುಂದೆ ಓಡ್ತಿದೆ, ಕೀಲಿ, ಬೀಗ, ಸಂದಿ, ನಾಲ್ಕು ಬೆರಳು — ಸಾಹೇಬರು ರಿಮೋಟ್ ಕೆಳಗಿಟ್ಟರು, ಇಟ್ಟೇಬಿಟ್ಟರು, ಅಬ್ಬಾ, ಆ ಬೆರಳು ಮೇಡಂ, ಮೈ ಜುಂ ಅಂತು, ಅಲ್ಲೇ ಬ್ರೇಕ್ ಹಾಕೋಣ, ಒಂದು ವರ್ಷ ಆ ಬಾಗಿಲು ಮುಚ್ಚೇ ಇರಲಿ, ಜನ ಬಿದ್ದೂ ಬಿದ್ದು ನೋಡ್ತಾರೆ, ಹೂಂ ಅನ್ನಿ, ಇವತ್ತೇ ನಿಮ್ಮ ಹೆಸರಿಗೆ ಪ್ರಸಾರದ ಸಮಯ ಬರೆಸ್ತೀನಿ — ಹೂಂ ಅಂದುಬಿಡು ಹುಚ್ಚಿ, ಇಷ್ಟು ವರ್ಷ ಇನ್ನೊಬ್ಬರ ಸೀರಿಯಲ್ಲಿಗೆ ಹೆಸರಿಲ್ಲದೆ ಸಂಭಾಷಣೆ ಬರೆದು ಸವೆದಿದ್ದು ಇದಕ್ಕೇ ತಾನೆ, ಒಂದಕ್ಷರ, ಹೂಂ — ಇಲ್ಲ ಸರ್, ಮೊದಲನೇ ಎಪಿಸೋಡಲ್ಲೇ ತೆಗೀಬೇಕು. ನಾನೇ ಅಂದಿದ್ದು, ನನ್ನದೇ ಧ್ವನಿ. ತೆಗೆದ್ರೆ ಆಮೇಲೇನು ಉಳಿಯುತ್ತೆ ಮೇಡಂ, ಇದೆ ಸರ್, ಬೇಕಾದಷ್ಟಿದೆ, ಕೇಳಿ, ಬೀದಿಯವರು ಓಡಿ ಬರ್ತಾರೆ, ಬೀಗದವನು ಬರ್ತಾನೆ, ಬೀಗ ಕಳಚಿತು, ಇನ್ನು ತಳ್ಳಿದರೆ ಸಾಕು, ಬಾಗಿಲು ಒಳಕ್ಕೆ ತೆರೆಯೋದು ಸರ್, ತಳ್ಳಿದರೆ ಆ ಬೆರಳು ಅಡಿಯಲ್ಲಿ ಸಿಕ್ಕಿ ಅಪ್ಪಚ್ಚಿ — ಅಯ್ಯೋ, ಇದು ನನಗೇ ಈಗ ಹೊಳೀತಿದೆ — ಮೊದಲು ಅವಳು ಕೈ ಬಿಡಬೇಕು, ತಾಯಿನೇ ಬಿಡಬೇಕು, ಬಿಡು ಪುಟ್ಟಾ, ಒಳಗೆ ತಗೋ, ನಾನೆಲ್ಲೂ ಹೋಗಲ್ಲ, ಬಂದೇ, ಬಂದೇಬಿಟ್ಟೆ, ಅವನು ನಂಬ್ತಿಲ್ಲ ಸರ್, ಬಿಡ್ತಿಲ್ಲ, ಎಲ್ಲರೂ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದಾರೆ, ಕೆಳಗೆ ನಾಲ್ಕು ಬೆರಳು, ಅವಳ ಉಂಗುರದ ಬೆರಳನ್ನು ಬಿಗಿಯಾಗಿ ಸುತ್ತಿಕೊಂಡು, ನಾಲ್ಕು ಬೆರಳು, ನಾಲ್ಕು —